ಪ್ರಶ್ನೆಯೂ ಪಣವೂ

೨೦೧೨ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ ಆರಂಭವಾದ ‘ಕನ್ನಡದ ಕೋಟ್ಯಧಿಪತಿ’ಯನ್ನು ಬರಿಯ ಜೂಜೆಂದು ತಳ್ಳಿಹಾಕುವುದು ಉಚಿತವಲ್ಲ. ಅಲ್ಲಿ ತಿಳಿವಳಿಕೆಗೆ ಮನ್ನಣೆಯಿತ್ತು. ನಿರೂಪಕರ ಸೌಜನ್ಯವಂತೂ ಮೆಚ್ಚತಕ್ಕದ್ದೇ. ದೋಷವಿದ್ದುದು ಆಟದ ಕಟ್ಟಳೆಯಲ್ಲಿ. ಗೆದ್ದಷ್ಟನ್ನು ಒಯ್ಯುವ ಅವಕಾಶವಿದ್ದರೂ, ಮುಂದುವರಿಯಬೇಕಾದರೆ ಆ ಹಣವನ್ನೇ ಪಣವಾಗಿ ಒಡ್ಡಬೇಕು. ಉತ್ತರ ತಪ್ಪಿದರೆ ಕೆಳಗಿನ ಹಂತಕ್ಕೆ ಇಳಿಯಬೇಕು. ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತದ ಬೀಜ ಇದೇ. ನೋಡುಗರ ಕುತೂಹಲವೂ ಉತ್ತರಕ್ಕಿಂತ ಈ ಅಂಜಿಕೆಯಲ್ಲಿಯೇ ನೆಲೆಗೊಳ್ಳುತ್ತದೆ.

ಗದಗ, ಲಕ್ಷ್ಮೇಶ್ವರಗಳಲ್ಲಿ ಮಹಾವೀರ ಜಯಂತಿಗೆ ಇಂತಹ ಸ್ಪರ್ಧೆ ನಡೆಸಬಯಸುವ ಟ್ರಸ್ಟುಗಳು ಪ್ರಶ್ನೆಯನ್ನು ಉಳಿಸಿಕೊಂಡು ಪಣವನ್ನು ಬಿಡಬಹುದು. ಕೂಪನ್ನು ಮಾರಿ ಚೀಟಿ ಎತ್ತುವುದಂತೂ ಸಲ್ಲದು. ಲಾಟರಿಯನ್ನು ರಾಜ್ಯ ಸರಕಾರವೇ ೨೦೦೭ರಲ್ಲಿ ನಿಲ್ಲಿಸಿತು. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇಂದು ಒಬ್ಬನಿಗೆ ಕೊಡುವ ಸ್ಕೂಟರಿನ ಬೆಲೆಯಲ್ಲಿ ನೂರಾರು ಮನೆಗಳಿಗೆ ಒಂದೊಂದು ಗ್ರಂಥ ತಲುಪುತ್ತದೆ.