ಹುಸೇನರ ಕಪ್ಪು ಗೆರೆ ಎಲ್ಲಿಂದ ಬಂತು?

ಎಂ.ಎಫ್. ಹುಸೇನರ ಮಾತು ಬಂದಾಗ ನಮ್ಮವರ ನಡುವೆ ಎರಡೇ ವಿಷಯ. ಒಂದು, ಅವರ ಮೇಲೆ ಬಿದ್ದ ಕೇಸುಗಳು, ದೇಶ ಬಿಟ್ಟದ್ದು, 2010ರಲ್ಲಿ ಕತಾರಿನ ಪೌರತ್ವ ಪಡೆದದ್ದು. ಇನ್ನೊಂದು, ಅವರ ದಪ್ಪ ಕಪ್ಪು ಗೆರೆ ನಮ್ಮ ಖತ್‌ನಿಂದಲೇ ಬಂದದ್ದು ಅನ್ನುವ ಹೆಮ್ಮೆ. ಮೊದಲನೆಯದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಎರಡನೆಯದನ್ನು ನಾನೂ ಬಹಳ ವರ್ಷ ನಂಬಿದ್ದೆ, ಕಾಲೇಜು ಹುಡುಗರ ಮುಂದೆ ಒಂದೆರಡು ಸಲ ಹೇಳಿಯೂ ಇದ್ದೆ. ಈಗ ಹಾಗೆ ಹೇಳಲಾರೆ.

ಕಾರಣ ಸಾಮಗ್ರಿಯಲ್ಲೇ ಇದೆ. ಖತ್ ಬರೆಯುವವನ ಕೈಯಲ್ಲಿರೋದು ಜೊಂಡಿನ ಕಲಮ್, ತುದಿ ಓರೆಯಾಗಿ ಕತ್ತರಿಸಿದ್ದು. ಶಾಯಿ ಅಂದ್ರೆ ದೀಪದ ಕಾಡಿಗೆ ಮತ್ತು ಗೋಂದು. ಗೆರೆ ದಪ್ಪವಾಗೋದು, ತೆಳುವಾಗೋದು ಮುಖ್ಯವಾಗಿ ಕೈ ಸಾಗುವ ದಿಕ್ಕಿನಿಂದ, ಒತ್ತುವುದರಿಂದಲ್ಲ. ಅಲಿಫ್ ಎಷ್ಟು ಎತ್ತರ ಇರಬೇಕು ಅನ್ನೋದಕ್ಕೂ ನುಕ್ತದ ಲೆಕ್ಕ ಇದೆ. ಕಾಗದವನ್ನು ಉಜ್ಜಿ ನುಣುಪು ಮಾಡಿರುತ್ತಾರೆ, ಕಲಮ್ ಎಲ್ಲೂ ತಡೆಯಬಾರದು ಅಂತ.

ಕ್ಯಾನ್ವಾಸ್ ಹಾಗಲ್ಲ, ಹೆಜ್ಜೆ ಹೆಜ್ಜೆಗೂ ತಡೆಯುತ್ತದೆ. ನೇಯ್ಗೆಯ ಉಬ್ಬುತಗ್ಗು ಬಣ್ಣವನ್ನು ಕಿತ್ತುಕೊಳ್ಳುತ್ತದೆ. ಟರ್ಪೆಂಟೈನ್ ಜಾಸ್ತಿ ಹಾಕಿದರೆ ಗೆರೆ ಓಡುತ್ತದೆ, ಆದರೆ ಕಪ್ಪು ಬೂದಾಗುತ್ತದೆ. ಟ್ಯೂಬಿನಿಂದ ಹಿಂಡಿದ ಹಾಗೇ ಎಳೆದರೆ ಒಂದು ಗೇಣಿಗೇ ಬ್ರಷ್ ಒಣಗಿ, ಗೆರೆ ಹರಿದು, ಅಡಿಯ ಬಟ್ಟೆ ಕಾಣುತ್ತದೆ. ಕಪ್ಪಿನಲ್ಲೂ ಜಾತಿಗಳಿವೆ: ಮೂಳೆ ಸುಟ್ಟು ಮಾಡಿದ ಐವರಿ ಬ್ಲ್ಯಾಕ್, ಕಾಡಿಗೆಯ ಲ್ಯಾಂಪ್ ಬ್ಲ್ಯಾಕ್, ಕಬ್ಬಿಣದ ಆಕ್ಸೈಡಿನ ಮಾರ್ಸ್ ಬ್ಲ್ಯಾಕ್. ಎಣ್ಣೆಯಲ್ಲಿ ಮೊದಲಿನ ಎರಡೂ ಬಹಳ ನಿಧಾನ ಒಣಗುತ್ತವೆ, ಮಾರ್ಸ್ ಬೇಗ ಒಣಗಿ ಚೆನ್ನಾಗಿ ಮುಚ್ಚುತ್ತದೆ. ಹಾಗಾಗಿ ನಿಧಾನದ ಕಪ್ಪಿನಲ್ಲಿ ಮೊದಲು ಗೆರೆ ಎಳೆದು ಆಮೇಲೆ ಬಣ್ಣ ತುಂಬುವವನಿಗೆ ಬಿರುಕು ಕಾದಿರುತ್ತದೆ. ಗೆರೆ ಕೊನೆಗೆ ಬರೋದೇ ಕ್ಷೇಮ.

ನನ್ನ ತಂಗಿಯ ಮಗಳು ಪುಣೆಯಲ್ಲಿ ಚಿತ್ರಕಲೆ ಓದುತ್ತಾಳೆ. ಹುಸೇನರ ಕುದುರೆ ನೋಡಿ ತನ್ನ ಎಣ್ಣೆಬಣ್ಣದ ಚಿತ್ರದ ಮೇಲೆ ಅಕ್ರಿಲಿಕ್ ಕಪ್ಪಿನಲ್ಲಿ ಗೆರೆ ಎಳೆದಿದ್ದಳು. ಕೆಲವು ತಿಂಗಳಲ್ಲಿ ಅದು ಹಪ್ಪಳದ ಹಾಗೆ ಎದ್ದು ಬಂತು. "ಮಾಮು, ಗೆರೆ ಹೋದರೂ ಕುದುರೆ ಅಲ್ಲೇ ಇದೆ ನೋಡಿ" ಅಂದಳು. ತಮಾಷೆಗೆ ಅಂದದ್ದು, ಆದರೆ ಅದೇ ತಪ್ಪು. ಹುಸೇನರ ಒಳ್ಳೆಯ ಚಿತ್ರದಲ್ಲಿ ಗೆರೆ ತೆಗೆದರೆ ಏನೂ ಉಳಿಯಬಾರದು. ಅಲ್ಲಿ ಬಣ್ಣ ಗೆರೆಯ ಅಂಚಿಗೆ ಬಂದು ನಿಲ್ಲುವುದಿಲ್ಲ, ದಾಟಿ ಹೋಗುತ್ತದೆ ಅಥವಾ ಮೊದಲೇ ನಿಂತುಬಿಡುತ್ತದೆ. ಆಕಾರ ಹಿಡಿದಿಟ್ಟಿರೋದು ಗೆರೆ ಒಂದೇ.

ಈ ಕೈ ಎಲ್ಲಿಂದ ಬಂತು? ಬರೋಡಾದ ಮದರಸಾದಲ್ಲಿ ಅವರು ಖತ್ ಕಲಿತದ್ದು ನಿಜ, ಅಕ್ಷರದ ಮೋಹ ಕೊನೆತನಕ ಇದ್ದದ್ದೂ ನಿಜ. ಆದರೆ 1930ರ ದಶಕದಲ್ಲಿ ಮುಂಬೈಗೆ ಬಂದು ಅವರು ಹೊಟ್ಟೆಗಾಗಿ ಮಾಡಿದ್ದು ಸಿನಿಮಾ ಹೋರ್ಡಿಂಗ್ ಬರೆಯುವ ಕೆಲಸ. ಅಲ್ಲಿ ಮಣಿಕಟ್ಟು ಸಾಲದು, ಭುಜದಿಂದಲೇ ಎಳೆಯಬೇಕು. ಹೀರೋಯಿನ್ನಿನ ಮೂಗು ರಸ್ತೆಯ ಆಚೆಗೂ ಕಾಣಬೇಕು. ಚದರ ಅಡಿ ಲೆಕ್ಕದಲ್ಲಿ ದುಡ್ಡು, ಅಳಿಸಿ ತಿದ್ದುತ್ತಾ ಕೂತರೆ ನಷ್ಟ. ಹುಸೇನರ ಗೆರೆಯ ಅವಸರ, ಒರಟುತನ, ಬಣ್ಣ ತೀರಿದಲ್ಲೂ ನಿಲ್ಲದೆ ಒಣ ಬ್ರಷ್ ಎಳೆದುಕೊಂಡೇ ಹೋಗುವ ಧೈರ್ಯ, ಎಲ್ಲ ಇಲ್ಲಿಯದು ಅಂತ ನನಗನ್ನಿಸುತ್ತದೆ. ಖತ್‌ನ ಉಸ್ತಾದ್ ಆ ಒಣಗೆರೆಯನ್ನು ನೋಡಿದರೆ ಹಾಳೆ ಹರಿದು ಹಾಕುತ್ತಿದ್ದ.

1956ರ 'ಬಿಟ್ವೀನ್ ದ ಸ್ಪೈಡರ್ ಅಂಡ್ ದ ಲ್ಯಾಂಪ್' ನೋಡಿ. ಹೆಂಗಸರು ಸಾಲಾಗಿ ನಿಂತಿದ್ದಾರೆ, ಒಬ್ಬಳ ಕೈಯಿಂದ ದಾರದಲ್ಲಿ ಜೇಡ ಇಳಿಬಿದ್ದಿದೆ. ಮೇಲುಗಡೆ ಅಕ್ಷರಗಳಂಥ ಗುರುತುಗಳಿವೆ, ಯಾರಿಗೂ ಓದಲಾಗದವು. ಅಕ್ಷರವನ್ನೇ ಬರೆಯಬಹುದಾಗಿದ್ದ ಜಾಗದಲ್ಲೂ ಖತ್ ಬರೆದಿಲ್ಲ.

ಹಾಗಾದರೆ ನಾವು ಯಾಕೆ ಖತ್ ಖತ್ ಅಂತೀವಿ? ಮದರಸಾದ ಕಲಮ್ ಮರ್ಯಾದೆಯ ವಸ್ತು. ಏಣಿ ಹತ್ತಿ ನಟಿಯರ ಮುಖ ಬರೆದದ್ದು ಕೂಲಿ. ನಮ್ಮ ಎಷ್ಟೋ ಮನೆಗಳಲ್ಲಿ ಸೈನ್‌ಬೋರ್ಡ್, ಲಾರಿ, ತಗಡಿಗೆ ಬಣ್ಣ ಬಳಿದು ಬದುಕಿದವರಿದ್ದಾರೆ, ಅವರನ್ನು ಕಲಾವಿದರು ಅಂತ ನಾವೇ ಕರೆದಿಲ್ಲ. ಹುಸೇನರ ಗೆರೆಗೆ ಖಾನ್‌ದಾನ್ ಹುಡುಕುವಾಗ ಅವರನ್ನು ಇನ್ನೊಮ್ಮೆ ಹೊರಗೆ ನಿಲ್ಲಿಸುತ್ತೇವೆ.

ಎಲ್ಲವನ್ನೂ ಹೊಗಳಬೇಕಿಲ್ಲ. ಅಕ್ರಿಲಿಕ್ ಹಿಡಿದ ಮೇಲಿನ ಬಹಳಷ್ಟು ಕುದುರೆಗಳು ನನಗೆ ಸಪ್ಪೆ. ನಿಮಿಷಗಳಲ್ಲಿ ಒಣಗುವ ಬಣ್ಣ, ಜನರ ಮುಂದೆ ನಿಂತು ಬರೆಯುವ ಚಪಲ, ಎರಡೂ ಸೇರಿ ಗೆರೆ ಸಹಿಯಂತಾಯಿತು. ಪ್ರೋಗ್ರೆಸಿವ್ ಗುಂಪಿನ ಅವರ ಜೊತೆಗಾರ, ಗೋವಾದ ಎಫ್.ಎನ್. ಸೂಜಾ, ಚರ್ಚಿನ ಗಾಜಿನ ಕಿಟಕಿಯ ಸೀಸದ ಪಟ್ಟಿಯಂಥ ಕಪ್ಪು ಗೆರೆ ಎಳೆಯುತ್ತಿದ್ದರು. ಅವರ ಗೆರೆ ಕೊನೆಗೂ ಇಷ್ಟು ಸಲೀಸಾಗಲಿಲ್ಲ. ಹುಸೇನರದ್ದು 1955ರ 'ಜಮೀನ್'ನಲ್ಲಿ ಇನ್ನೂ ತಡವರಿಸುತ್ತದೆ, ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ. ನನಗೆ ಇಷ್ಟವಾಗೋದು ಆ ತಡವರಿಕೆಯೇ.