ಅಳತೆ ಸರಿ, ಪಟ್ಟಿ ತಪ್ಪು

ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆಗೆ ಸೈಕಲ್ ಬಗ್ಗೆ ಏನೇನೂ ತಿಳಿದಿರಲಿಲ್ಲ ಎನ್ನುವುದು ಹಳೆಯ ರೋಡ್ ಸೈಕಲ್ಲುಗಳ ಮೋಹಿಗಳಲ್ಲಿ ಈಗ ಯಾರೂ ಮರುಪ್ರಶ್ನೆ ಹಾಕದ ಮಾತಾಗಿದೆ. 1970ರ ದಶಕದಲ್ಲಿ ಆ ಪತ್ರಿಕೆ ಹತ್ತು ಗೇರಿನ ಸೈಕಲ್ಲುಗಳನ್ನು ಹಲವು ಸಲ ಪರೀಕ್ಷೆಗೆ ಒಡ್ಡಿ ಶ್ರೇಯಾಂಕ ಕೊಟ್ಟಿತು. ಇವತ್ತು ಅದನ್ನು ನೆನೆಯುವವರು ನೆನೆಯುವುದು ನಗುವುದಕ್ಕೆ. ಟೋಸ್ಟರು, ವಾಷಿಂಗ್ ಮೆಷಿನ್ನು ಅಳೆದು ರೂಢಿಯಾದವರ ಕೈಗೆ ಪ್ಯೂಜೋ ಸೈಕಲ್ ಸಿಕ್ಕರೆ ಇನ್ನೇನಾದೀತು ಎಂಬ ಧಾಟಿ. ಈ ನಗುವಿನಲ್ಲಿ ನಾನು ಪಾಲುದಾರನಲ್ಲ. ಆ ಪರೀಕ್ಷೆಗಳಲ್ಲಿ ದೋಷವಿತ್ತು, ದೊಡ್ಡದೇ ಇತ್ತು. ಆದರೆ ಇವರು ಹುಡುಕುವ ಜಾಗದಲ್ಲಿ ಅದು ಇಲ್ಲ.

ಆ ದಶಕದ ಸೈಕಲ್ ಭರಾಟೆಯ ಕಥೆ ಗೊತ್ತಿದ್ದದ್ದೇ. 1970ರಲ್ಲಿ 70 ಲಕ್ಷದ ಆಸುಪಾಸಿನಲ್ಲಿದ್ದ ವಾರ್ಷಿಕ ಮಾರಾಟ 1973ರ ಹೊತ್ತಿಗೆ ಒಂದೂವರೆ ಕೋಟಿ ದಾಟಿತು ಎಂದರೆ ಸಾಕು. ಅಲ್ಲಿಯವರೆಗೆ ಮಕ್ಕಳ ಸಾಮಾನಾಗಿದ್ದುದನ್ನು ದೊಡ್ಡವರು ತಮಗಾಗಿ ಕೊಳ್ಳತೊಡಗಿದರು. ಅಂಗಡಿಗಳಲ್ಲಿ ಷಿಕಾಗೋದ ಶ್ವಿನ್, ಇಂಗ್ಲೆಂಡಿನ ರ‍್ಯಾಲಿ, ಫ್ರಾನ್ಸಿನ ಪ್ಯೂಜೋ, ಮೋಟೊಬೆಕಾನ್, ಆಗಷ್ಟೇ ಕಾಲಿಟ್ಟ ಜಪಾನಿನ ಫ್ಯೂಜಿ, ನಿಶಿಕಿ. ಕೊಳ್ಳುವವರಿಗೆ ಇವುಗಳ ನಡುವೆ ಬಣ್ಣದ ಹೊರತು ಬೇರೆ ವ್ಯತ್ಯಾಸ ತಿಳಿಯದು. 1936ರಲ್ಲಿ ಹುಟ್ಟಿದ ಕನ್ಸ್ಯೂಮರ್ಸ್ ಯೂನಿಯನ್ ಎಂಬ ಸಂಸ್ಥೆ ತನ್ನ ಪತ್ರಿಕೆಯನ್ನು ನಡೆಸುತ್ತಿದ್ದುದು ಇಂಥವರಿಗಾಗಿ. ಅದು ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಪರೀಕ್ಷೆಯ ಮಾಲನ್ನು ಕಂಪನಿಯಿಂದ ತರಿಸಿಕೊಳ್ಳದೆ, ಹೆಸರು ಹೇಳದೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಕೊಳ್ಳುತ್ತಿತ್ತು. ತನ್ನ ಶ್ರೇಯಾಂಕವನ್ನು ಯಾವ ಕಂಪನಿಯೂ ಜಾಹೀರಾತಿನಲ್ಲಿ ಬಳಸಕೂಡದು ಎಂದು ಹಟ ಹಿಡಿಯುತ್ತಿತ್ತು. ಸೈಕಲ್ ಪ್ರಿಯರು ಪೂಜಿಸುತ್ತಿದ್ದ ಹವ್ಯಾಸಿ ಪತ್ರಿಕೆಗಳಲ್ಲೋ, ವಿಮರ್ಶೆಯ ಎದುರು ಪುಟದಲ್ಲೇ ಆ ಸೈಕಲ್ಲಿನ ಜಾಹೀರಾತು ಇರಬಹುದಿತ್ತು. ಈ ಒಂದು ವ್ಯತ್ಯಾಸವನ್ನು ಮರೆತು ಎರಡನ್ನೂ ಹೋಲಿಸುವವರ ಜೊತೆ ವಾದಕ್ಕೆ ಕೂರುವುದೇ ದಂಡ.

ಈಗ ಪಟ್ಟಿಗೆ ಬರೋಣ. ಕೆಟ್ಟಿರುವುದು ಅದೇ.

ಆ ಪತ್ರಿಕೆಯ ಶ್ರೇಯಾಂಕ ಪಟ್ಟಿಗಳ ತಲೆಯ ಮೇಲೆ ಒಂದು ಸಣ್ಣ ಷರಾ ಇರುತ್ತಿತ್ತು. ಅದರ ತಾತ್ಪರ್ಯ ಇಷ್ಟು: ಇಲ್ಲಿರುವ ಮಾಲುಗಳನ್ನು ಒಟ್ಟಾರೆ ಗುಣಮಟ್ಟದ ಅಂದಾಜಿನಂತೆ ಮೇಲಿನಿಂದ ಕೆಳಕ್ಕೆ ಜೋಡಿಸಿದೆ, ಅಕ್ಕಪಕ್ಕದವುಗಳ ನಡುವೆ ಅಂತರ ಅಲ್ಪ. ತೀರಾ ಸರಿಸಮ ಎನಿಸಿದವನ್ನು ಒಂದೇ ಕಂಸದೊಳಗೆ ಕೂಡಿಸಿ ಅಕ್ಷರಕ್ರಮದಲ್ಲಿ ಕೊಡುವುದೂ ಇತ್ತು. ಓದುವಾಗ ಪ್ರಾಮಾಣಿಕವಾಗಿಯೇ ಕಾಣುತ್ತದೆ. ಆದರೆ ಸ್ವಲ್ಪ ನಿಂತು ನೋಡಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಎರಡನೆಯದಕ್ಕೂ ಮೂರನೆಯದಕ್ಕೂ ಇಲ್ಲ, ಹೀಗೇ ಇಳಿಯುತ್ತ ಹೋದರೆ ಹದಿನೈದನೆಯದಕ್ಕೆ ಬಂದಾಗ ಏನು ಹೇಳಬೇಕು? ಹದಿನೈದನೆಯದು ಕೆಟ್ಟದ್ದು ಎಂದು ಪಟ್ಟಿ ಹೇಳುತ್ತದೆ. ಎಲ್ಲಿ ಕೆಟ್ಟಿತು ಎಂದು ಕೇಳಿದರೆ ತೋರಿಸಲು ಒಂದು ಮೆಟ್ಟಿಲೂ ಇಲ್ಲ. ಷರಾ ಬರೆದವರಿಗೆ ಈ ತೊಡಕು ಗೊತ್ತಿತ್ತು, ಅದಕ್ಕೇ ಅದನ್ನು ಬರೆದದ್ದು. ಆದರೆ ಷರಾ ಓದುವವರು ಯಾರು? ಕೊಳ್ಳುವವನ ಕಣ್ಣು ನೇರ ಮೊದಲ ಸಾಲಿಗೆ ಹೋಗುತ್ತದೆ. ಪತ್ರಿಕೆಗೆ ಅದೂ ಗೊತ್ತಿತ್ತು.

ಇನ್ನೂ ಕೆದಕಿದರೆ ‘ಒಟ್ಟಾರೆ’ಯ ಒಳಗೇ ಗೊಂದಲವಿದೆ. ಬ್ರೇಕು, ಗೇರು, ತಿರುವಿನಲ್ಲಿ ಹಿಡಿತ, ತೂಕ, ಜೋಡಣೆಯ ನೇರ್ಪು, ಇವೆಲ್ಲ ಬೇರೆ ಬೇರೆ ಜಾತಿಯ ಗುಣಗಳು. ಇವನ್ನು ಕೂಡಿಸಿ ಒಂದು ಸ್ಥಾನ ಕೊಡುವುದು ನಮ್ಮ ಎಸ್ಸೆಸ್ಸೆಲ್ಸಿ ರ‍್ಯಾಂಕಿನ ಹಾಗೆ. ಗಣಿತದಲ್ಲಿ ಕಳೆದ ಅಂಕವನ್ನು ಕನ್ನಡದಲ್ಲಿ ಗಿಟ್ಟಿಸಿಕೊಂಡವನೂ, ಕನ್ನಡದಲ್ಲಿ ಕಳೆದದ್ದನ್ನು ಗಣಿತದಲ್ಲಿ ಗಿಟ್ಟಿಸಿದವನೂ ಒಂದೇ ಮೊತ್ತದಲ್ಲಿ ಕೂರುತ್ತಾರೆ. ಅಲ್ಲಿ ಕಡೇಪಕ್ಷ ಪ್ರತಿ ವಿಷಯಕ್ಕೂ ಪಾಸಿನ ಅಂಕ ಎಂದೊಂದಿದೆ. ಪತ್ರಿಕೆಯೂ ತೀರಾ ಅಪಾಯಕಾರಿ ಮಾಲನ್ನು ‘ಸ್ವೀಕಾರಾರ್ಹವಲ್ಲ’ ಎಂದು ಪಟ್ಟಿಯಿಂದ ಆಚೆ ಇಡುತ್ತಿತ್ತು. ನನ್ನ ತಕರಾರು ಪಾಸಾದವರ ಸಾಲಿನ ಬಗ್ಗೆ. ಯಾವ ಗುಣಕ್ಕೆ ಎಷ್ಟು ಬೆಲೆ ಕಟ್ಟಿದರು ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ಕಾನ್ಸಾಸ್ ಬಯಲಿನ ವಿದ್ಯಾರ್ಥಿಗೆ ಭಾರದ ಸೈಕಲ್ಲೂ ನಡೆಯುತ್ತದೆ, ಸ್ಯಾನ್ ಫ್ರಾನ್ಸಿಸ್ಕೋದ ಏರಿನಲ್ಲಿ ಮನೆಯಿರುವವನಿಗೆ ಅದು ಶಿಕ್ಷೆ. ಇಬ್ಬರಿಗೂ ಒಂದೇ ಏಣಿ ಕೊಟ್ಟರೆ ಅದು ಇಬ್ಬರಿಗೂ ಸುಳ್ಳು.

ಮತ್ತೊಂದು ಸಂಗತಿಯೂ ಇದೆ. ಸೈಕಲ್ಲು ಕಾರ್ಖಾನೆಯಿಂದ ಬರುವುದು ಪೆಟ್ಟಿಗೆಯಲ್ಲಿ, ಅರ್ಧ ಬಿಚ್ಚಿದ ರೂಪದಲ್ಲಿ. ಅಂಗಡಿಯ ಮೆಕ್ಯಾನಿಕ್ ಅದನ್ನು ಜೋಡಿಸಿ, ಬ್ರೇಕ್ ಕೇಬಲ್ ಬಿಗಿ ಮಾಡಿ, ಚಕ್ರದ ಡೊಂಕು ತೆಗೆದು, ಗೇರು ಬದಲಿಸಲು ಚೈನನ್ನು ಸರಿಸುವ ಡಿರೇಲರಿನ ಎರಡು ಸ್ಕ್ರೂ ಹದಕ್ಕೆ ತಂದಮೇಲೆ ಅದು ಸೈಕಲ್ಲಾಗುತ್ತದೆ. ಗೇರು ಸಲೀಸಾಗಿ ಬೀಳದಿದ್ದರೆ ತಪ್ಪು ಡಿರೇಲರಿನದೋ, ಆ ಮಧ್ಯಾಹ್ನ ಗಿರಾಕಿಗಳ ನೂಕುನುಗ್ಗಲಿನಲ್ಲಿ ಸ್ಕ್ರೂ ತಿರುಗಿಸಿದವನದೋ? ಸಾಲದ್ದಕ್ಕೆ ಭರಾಟೆಯ ವರ್ಷಗಳಲ್ಲಿ ಬಿಡಿಭಾಗಗಳ ಅಭಾವವಿತ್ತು. ಒಂದೇ ಹೆಸರಿನ ಮಾದರಿಗೆ ಕಂಪನಿಗಳು ಕೈಗೆ ಸಿಕ್ಕ ಭಾಗ ಹಾಕಿ ಕಳಿಸುತ್ತಿದ್ದವು. ಪರೀಕ್ಷೆಗೆ ಕೊಂಡ ಸೈಕಲ್ಲೂ, ಓದುಗ ಕೆಲವು ತಿಂಗಳ ಮೇಲೆ ಕೊಂಡ ಅದೇ ಹೆಸರಿನ ಸೈಕಲ್ಲೂ ಒಂದೇ ಅಲ್ಲದಿರುವ ಸಂಭವ ಸಾಕಷ್ಟಿತ್ತು. ಇಷ್ಟೆಲ್ಲ ಅಲುಗಾಟದ ಮೇಲೆ ಏಳನೆಯದು, ಎಂಟನೆಯದು ಎಂದು ಸಾಲು ನಿಲ್ಲಿಸುವುದು ಧೈರ್ಯದ ಕೆಲಸವೇ ಸರಿ.

ಇಷ್ಟು ಹೇಳಿದ ಮೇಲೆ ನಗುವವರ ಕಡೆ ತಿರುಗುತ್ತೇನೆ. ಅವರ ವಾದ ಇದ್ಯಾವುದೂ ಅಲ್ಲ. ಅವರಿಗೆ ಪಟ್ಟಿಯ ಮೇಲೆ ಮುನಿಸಿಲ್ಲ, ತಮ್ಮ ಸೈಕಲ್ಲು ಪಟ್ಟಿಯ ತುದಿಯಲ್ಲಿ ಇಲ್ಲ ಎಂಬುದರ ಮೇಲೆ ಮುನಿಸು.

ಅವರ ಮೆಚ್ಚಿನ ಸಾಕ್ಷಿ ಶ್ವಿನ್ ವಾರ್ಸಿಟಿ. 1960ರಲ್ಲಿ ಬಂದ ಈ ಸೈಕಲ್ಲಿನ ತೂಕ 17–18 ಕಿಲೋ. ಮುಂದಿನ ಫೋರ್ಕು ಪೊಳ್ಳು ಕೊಳವೆಯದಲ್ಲ, ಬಡಿದು ಮಾಡಿದ ಗಟ್ಟಿ ಉಕ್ಕಿನದು. ಸ್ಟ್ಯಾಂಡೂ ಫ್ರೇಮಿಗೇ ಸೇರಿದ್ದು. ರೆನಾಲ್ಡ್ಸ್ 531 ಎಂಬ ಹಗುರ ಉಕ್ಕಿನ ಕೊಳವೆಯ ರೇಸ್ ಸೈಕಲ್ 10 ಕಿಲೋ ಆಸುಪಾಸು ಇರುವಾಗ ಇಂಥ ಕಬ್ಬಿಣದ ರಾಶಿಯನ್ನು ಗಂಭೀರವಾಗಿ ಅಳೆಯಲು ಹೋದದ್ದೇ ಅಜ್ಞಾನ ಎನ್ನುತ್ತಾರೆ. ಲೆಕ್ಕ ಹಾಕೋಣ. ವಾರ್ಸಿಟಿಗೆ ನಿಜವಾದ ಎದುರಾಳಿ ರೇಸ್ ಸೈಕಲ್ಲಲ್ಲ, 13 ಕಿಲೋ ಆಸುಪಾಸಿನ ಪ್ಯೂಜೋ ಯುಒ-8. ಸವಾರ 70 ಕಿಲೋ ಇದ್ದರೆ ಒಂದರ ಮೇಲೆ ಒಟ್ಟು 88, ಇನ್ನೊಂದರ ಮೇಲೆ 83. ಕಡಿದಾದ ಏರಿನಲ್ಲಿ ವ್ಯತ್ಯಾಸ ಶೇಕಡಾ 6. ಸಮತಟ್ಟು ರಸ್ತೆಯಲ್ಲಿ ಗಾಳಿಯ ತಡೆಯೇ ಹಿರಿದಾಗಿ ಅದೂ ಗೌಣವಾಗುತ್ತದೆ. ಇದಕ್ಕೆ ಪ್ರತಿಯಾಗಿ ವಾರ್ಸಿಟಿ ಕೊಡುತ್ತಿದ್ದುದು ಬಾಳಿಕೆ. ಅದರ ಪೆಡಲ್ ದಂಡ ಒಂದೇ ತುಂಡಿನದು, ಸಡಿಲಾಗಲು ಏನೂ ಇಲ್ಲ. ಯುಒ-8ರಲ್ಲಿದ್ದುದು ನಮ್ಮ ಕರಿ ಅಟ್ಲಾಸ್, ಹರ್ಕ್ಯುಲಿಸ್‌ಗಳಲ್ಲಿ ಕಾಣುವಂಥದೇ ಕಾಟರ್ ಪಿನ್ನು. ಅದು ಸವೆದು ಪೆಡಲ್ ‘ಕಟ್ ಕಟ್’ ಎನ್ನುವುದು ಹೇಗೆಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಹಳೆಯ ಸೈಕಲ್ಲುಗಳ ವಿಷಯದಲ್ಲಿ ದೊಡ್ಡ ಅಧಿಕಾರವಾಣಿ ಎನಿಸಿದ್ದ ಮಾಸಚೂಸೆಟ್ಸ್‌ನ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಕೂಡ ಶ್ವಿನ್‌ನ ಈ ಫ್ರೇಮುಗಳ ಗಟ್ಟಿತನವನ್ನು ಒಪ್ಪಿಕೊಂಡಿದ್ದರು. ಅವರನ್ನು ಮಾತುಮಾತಿಗೆ ಸಾಕ್ಷಿಗೆ ಕರೆಯುವವರು ಇದೊಂದನ್ನು ಜಾಣತನದಿಂದ ಬಿಡುತ್ತಾರೆ.

ಸವಾರಿಯ ಅನುಭವವನ್ನು ಅಳತೆಗೋಲು ಹಿಡಿಯಲಾರದು, ಒಳ್ಳೆಯ ಕೊಳವೆಯ ಫ್ರೇಮಿಗೆ ಜೀವವಿದೆ ಎಂಬುದು ಎರಡನೆಯ ವಾದ. 1990ರ ದಶಕದಲ್ಲಿ ‘ಬೈಸಿಕಲ್ ಗೈಡ್’ ಎಂಬ ಪತ್ರಿಕೆ ಇದನ್ನು ಪರೀಕ್ಷೆಗಿಟ್ಟಿತು. ಅದೂ ಹವ್ಯಾಸಿಗಳದೇ ಪತ್ರಿಕೆ. ಇಟಲಿಯ ಫ್ರೇಮ್ ತಯಾರಕ ಮೊಂಡೋನಿಕೊ ಕೈಯಲ್ಲಿ ಕೊಲಂಬಸ್ ಕಂಪನಿಯ ಬೇರೆ ಬೇರೆ ದರ್ಜೆಯ ಉಕ್ಕಿನ ಏಳು ಫ್ರೇಮು ಮಾಡಿಸಿ, ಅಳತೆ, ಬಣ್ಣ ಎಲ್ಲ ಒಂದೇ ಇಟ್ಟು, ಯಾವುದು ಯಾವುದೆಂದು ಹೇಳದೆ ಪಳಗಿದ ಸವಾರರಿಗೆ ಕೊಟ್ಟರು. ದುಬಾರಿ ಯಾವುದು, ಅಗ್ಗದ್ದು ಯಾವುದು ಎಂದು ಅವರಿಗೆ ಬೇರ್ಪಡಿಸಲಾಗಲಿಲ್ಲ. ಫ್ರೇಮಿನ ಜೀವ ಎಂದು ಕೊಂಡಾಡಿದ್ದರಲ್ಲಿ ಎಷ್ಟೋ ಪಾಲು ಸ್ಟಿಕ್ಕರಿನದು.

ಗೇರಿನ ವಿಷಯವಂತೂ ಇನ್ನೂ ಮೋಜಿನದು. ಒಸಾಕಾದ ಮಾಯೆದಾ ಕಂಪನಿ 1964ರಲ್ಲಿ ಸನ್‌ಟೂರ್ ಹೆಸರಿನಲ್ಲಿ ಓರೆ ಚೌಕಟ್ಟಿನ ಡಿರೇಲರ್ ತಂದಿತು. ಹಿಂಚಕ್ರದ ಹಲ್ಲುಗಳು ಚಿಕ್ಕದರಿಂದ ದೊಡ್ಡದಕ್ಕೆ ಏರುವ ಇಳಿಜಾರಿಗೆ ಸಮವಾಗಿ ಅದರ ಪುಲ್ಲಿ ಸರಿಯುವುದರಿಂದ ಚೈನಿಗೂ ಹಲ್ಲಿಗೂ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ, ಗೇರು ತಡವರಿಸದೆ ಬೀಳುತ್ತದೆ. ಅಗ್ಗದ ಜಪಾನಿ ಸೈಕಲ್ಲುಗಳ ಮೇಲೆ ಇದು ಸಲೀಸಾಗಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ರಸಿಕರು ಇಟಲಿಯ ಕ್ಯಾಂಪನ್ಯೋಲೊ ಡಿರೇಲರಿನ ಮುಂದೆ ಕೈಮುಗಿದು ನಿಂತಿದ್ದರು. ಸನ್‌ಟೂರ್ ಉತ್ತಮ ಎಂದು ಸಾಬೀತು ಮಾಡಲು ಫ್ರಾಂಕ್ ಬರ್ಟೋ ಎಂಬ ಎಂಜಿನಿಯರ್ ಅಳತೆಗೇ ಮೊರೆಹೋಗಬೇಕಾಯಿತು. ಅವರ ‘ದಿ ಡ್ಯಾನ್ಸಿಂಗ್ ಚೈನ್’ ಈಗ ಡಿರೇಲರ್ ಇತಿಹಾಸದ ಪ್ರಮಾಣಗ್ರಂಥ. 1984ರಲ್ಲಿ ಓರೆ ಚೌಕಟ್ಟಿನ ಪೇಟೆಂಟ್ ಅವಧಿ ಮುಗಿದದ್ದೇ ತಡ, ಉಳಿದ ಕಂಪನಿಗಳೂ ಒಂದೊಂದಾಗಿ ಆ ವಿನ್ಯಾಸಕ್ಕೆ ಬಂದವು. ಟೋಸ್ಟರಿನವರ ಅಳತೆಗೋಲನ್ನು ಹೀಗಳೆದ ರಸಿಕತೆ ಇಪ್ಪತ್ತು ವರ್ಷ ಕಣ್ಣೆದುರಿನ ವಸ್ತುವನ್ನು ಕಾಣಲಿಲ್ಲ.

ಬ್ರೇಕಿನ ಮಾತೂ ಹೀಗೇ. ಆ ಕಾಲದ ಅಗ್ಗದ ಹತ್ತು ಗೇರಿನ ಸೈಕಲ್ಲುಗಳಿಗೆ ಇದ್ದುದು ಕ್ರೋಮಿನ ಉಕ್ಕಿನ ರಿಮ್ಮು. ಒಣ ರಸ್ತೆಯಲ್ಲಿ ಸರಿ. ನೆಂದರೆ ರಬ್ಬರಿನ ಹಿಡಿತ ಹತ್ತನೇ ಒಂದು ಪಾಲಿನ ಸುತ್ತ ಇಳಿಯುತ್ತದೆ ಎಂಬುದನ್ನು ವಿಟ್ ಮತ್ತು ವಿಲ್ಸನ್ 1974ರಲ್ಲೇ ‘ಬೈಸಿಕ್ಲಿಂಗ್ ಸೈನ್ಸ್’ ಪುಸ್ತಕದಲ್ಲಿ ಚರ್ಚಿಸಿದ್ದರು. ಮಲೆನಾಡಿನ ಮಳೆಯಲ್ಲಿ ಇಳಿಜಾರು ಇಳಿದವರಿಗೆ ಪುಸ್ತಕವೇ ಬೇಡ. ಅಮೆರಿಕ ಸರ್ಕಾರ 1976ರಲ್ಲಿ ಜಾರಿಗೆ ತಂದ ನಿಯಮವಾದರೋ ಬ್ರೇಕನ್ನು ಪರೀಕ್ಷಿಸಲು ಹೇಳಿದ್ದು ಒಣಗಿದ, ಶುಚಿಯಾದ ರಸ್ತೆಯ ಮೇಲೆ: ಗಂಟೆಗೆ 24 ಕಿಲೋಮೀಟರ್ ವೇಗದಿಂದ ನಾಲ್ಕೂವರೆ ಮೀಟರಿನೊಳಗೆ ನಿಂತರೆ ಪಾಸು. ಬ್ರೇಕು ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಎಂಬ ನೀರಸ ಪ್ರಶ್ನೆಯನ್ನು ಮೊದಲ ಸಾಲಿನಲ್ಲಿ ಇಟ್ಟವರು ಗ್ರಾಹಕರ ಪತ್ರಿಕೆಯವರು. ಫ್ರೇಮಿನ ಕೊಳವೆಗಳನ್ನು ಕೂಡಿಸುವ ಲಗ್ಗಿನ ಕುಸುರಿ, ಬಣ್ಣದ ಗೀಟುಗಳನ್ನು ವರ್ಣಿಸುತ್ತ ಕೂತವರು ಯಾರೆಂದು ಹೇಳಬೇಕಿಲ್ಲ.

ಕಾಲದ ಎದುರು ಪಟ್ಟಿ ನಿಲ್ಲಲಿಲ್ಲ, ನಿಜ. ಯುಒ-8ರ ಸಿಂಪ್ಲೆಕ್ಸ್ ಡಿರೇಲರ್ ಡೆಲ್ರಿನ್ ಎಂಬ ಪ್ಲಾಸ್ಟಿಕ್ಕಿನದು. ಹೊಸದರಲ್ಲಿ ಹಗುರ, ವರ್ಷ ಕಳೆದಂತೆ ಬಿರುಕು. ಅದರ ಪೆಡಲ್ ಥ್ರೆಡ್ಡು ಫ್ರೆಂಚ್ ಅಳತೆಯ 14 ಮಿಲಿಮೀಟರಿನದು, ಬೇರೆಯವರ 9/16 ಇಂಚಿನ ಪೆಡಲ್ ಅದಕ್ಕೆ ಕೂರುವುದಿಲ್ಲ. ಹೊಸ ಸೈಕಲ್ಲನ್ನು ಕೆಲವು ವಾರ ಓಡಿಸಿ ನೋಡಿದವರಿಗೆ ಇದು ಕಾಣುವಂಥದಲ್ಲ. ಇದನ್ನು ಅವರ ತಪ್ಪಿನ ಖಾತೆಗೆ ನಾನು ಸೇರಿಸುವುದಿಲ್ಲ.

ಪತ್ರಿಕೆಯ ನಿಜವಾದ ವಿಮರ್ಶೆ ಇದ್ದುದು ಪಟ್ಟಿಯ ಕೆಳಗಿನ ಟಿಪ್ಪಣಿಗಳಲ್ಲಿ. ತಯಾರಕರಿಗೂ ಅದು ತಿಳಿದಿತ್ತು. 1970ರಲ್ಲಿ ಬೋಸ್ ಕಂಪನಿಯ 901 ಸ್ಪೀಕರಿನ ಬಗ್ಗೆ ಇದೇ ಪತ್ರಿಕೆ ಬರೆದಾಗ ಕಂಪನಿ ಮುಖ್ಯವಾಗಿ ಹಿಡಿದು ಜಗ್ಗಿದ್ದು ಒಂದು ವಾಕ್ಯವನ್ನು. ವಾದ್ಯಗಳ ಸದ್ದು ಕೋಣೆಯಲ್ಲೆಲ್ಲ ಅಲೆದಾಡಿದಂತೆ ಕೇಳುತ್ತದೆ ಎಂದು ಬರೆದಿತ್ತು. ಪರೀಕ್ಷಕರು ಕೇಳಿದ್ದು ಗೋಡೆಯುದ್ದಕ್ಕೆ ಅತ್ತಿತ್ತ ಸರಿದಾಟ. ಈ ಒಂದು ಪದಪುಂಜಕ್ಕಾಗಿ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1984ರಲ್ಲಿ ಪತ್ರಿಕೆಯ ಪರ ತೀರ್ಪಾಯಿತು.

ಹಾಗಾಗಿ ಆ ಹಳೆಯ ಸಂಚಿಕೆ ಯಾರ ಕೈಗಾದರೂ ಸಿಕ್ಕರೆ, ಅದನ್ನು ನಂಬಿ ಹಳೆಯ ರೋಡ್ ಸೈಕಲ್ ಕೊಳ್ಳುವ ಮನಸ್ಸಿದ್ದರೆ, ಯಾವುದು ಎಷ್ಟನೆಯದು ಎಂದು ನೋಡಬೇಡಿ. ಟಿಪ್ಪಣಿಯಲ್ಲಿ ರಿಮ್ಮು ಉಕ್ಕಿನದೋ ಅಲ್ಯೂಮಿನಿಯಂನದೋ, ಡಿರೇಲರ್ ಯಾರದು, ನಿಮ್ಮ ಕಾಲಿನ ಅಳತೆಗೆ ಫ್ರೇಮು ಸಿಗುತ್ತದೆಯೇ, ಇಷ್ಟು ಹುಡುಕಿ. ರಿಮ್ಮು ಉಕ್ಕಿನದಾಗಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಮಳೆಗೆ ಇಳಿಯಿರಿ.