ಹುಣ್ಣಿಮೆಯ ಬಯಲು ರಂಗ

ಕೋಲಾರದ ಅಂತರಗಂಗೆ ಬೆಟ್ಟಸಾಲಿನ ಮೇಲಿರುವ ಊರು ತೇರಹಳ್ಳಿ. ದಲಿತ ಚಳವಳಿಯ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಅಲ್ಲಿ ‘ಆದಿಮ’ ಸಾಂಸ್ಕೃತಿಕ ಕೇಂದ್ರವನ್ನು ಕಟ್ಟಿದರು. ಹುಣ್ಣಿಮೆ ಬಂತೆಂದರೆ ಅಲ್ಲಿ ‘ಹುಣ್ಣಿಮೆ ಹಾಡು’; ಬಯಲಲ್ಲೇ ಹಾಡು, ನಾಟಕ.

ಬಯಲು ನಟನನ್ನು ಪರೀಕ್ಷಿಸುತ್ತದೆ. ಗೋಡೆಯಿಲ್ಲದ ಕಡೆ ಮಾತು ಹೊಟ್ಟೆಯಾಳದಿಂದ ಬರಬೇಕು, ಹೆಜ್ಜೆ ದೂರಕ್ಕೂ ಕಾಣಬೇಕು. ಈ ಸೀಮೆಯ ಬಯಲಾಟವಾದ ಕೇಳಿಕೆಯ ಕಲಾವಿದರಿಗೆ ಇದು ಹೊಸತಲ್ಲ; ರಾತ್ರಿಯಿಡೀ ಬಯಲಲ್ಲಿ ಕುಣಿದವರು ಅವರು. ಗ್ರೀಕರ ಎಪಿಡಾರಸ್ ರಂಗವೂ ಗುಡ್ಡದ ಇಳಿಜಾರಿನಲ್ಲೇ ಇದೆ. ಆ ಪರಂಪರೆಯ ಗಾಂಭೀರ್ಯವನ್ನು ಕನ್ನಡಕ್ಕೆ ತಂದವರು ಕಾಲೇಜು ಮೇಷ್ಟ್ರಾಗಿದ್ದ ಬಿ.ಎಂ.ಶ್ರೀ.; ಸೊಫೋಕ್ಲಿಸನ ನಾಟಕವನ್ನು ಆಧರಿಸಿದ ಅವರ ‘ಅಶ್ವತ್ಥಾಮನ್’ ಬಂದದ್ದು 1929ರಲ್ಲಿ. ಇಂಗ್ಲಿಷ್ ನಾಟಕಗಳನ್ನು ತಂದವರಲ್ಲಿ ಈ ನೆಲದವರೂ ಇದ್ದರು: ಮುಳಬಾಗಿಲಿನ ಡಿ.ವಿ.ಜಿ. ‘ಮ್ಯಾಕ್‌ಬೆತ್’ ಅನ್ನು, ಮಾಲೂರು ಸೀಮೆಯ ಮಾಸ್ತಿ ‘ಕಿಂಗ್ ಲಿಯರ್’ ಅನ್ನು ಕನ್ನಡಿಸಿದರು.

ಆದಿಮದ ದೊಡ್ಡತನವೆಂದರೆ, ನಾಟಕ ನೋಡಲು ಬೆಂಗಳೂರಿಗೆ ಹೋಗಬೇಕಿಲ್ಲವೆಂದು ಈ ನೆಲದ ಜನಕ್ಕೆ ತೋರಿಸಿದ್ದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳು ತಮ್ಮ ಮಕ್ಕಳನ್ನು ಈ ಬೆಟ್ಟಕ್ಕೆ ಕಳಿಸಲಿ. ಪಠ್ಯದಲ್ಲಿ ಓದಿದ ನಾಟಕವನ್ನು ಅವರು ಬಯಲಲ್ಲಿ ನಿಂತು ಆಡಲಿ.